ಎಡದ ನಲ್ಲಿಯವರು

ನಮ್ಮ ಅತ್ತೆಯ ಹತ್ತಿರ ಎರಡನೇ ಬಿಯರು ಇರಲಿಲ್ಲ.

ನಲ್ಲಿಗಳು ಮಾತ್ರ ಎರಡಿದ್ದವು. ಕೌಂಟರಿನ ಎಡತುದಿಗೊಂದು, ಬಲತುದಿಗೊಂದು. ಎರಡೂ ಹಿತ್ತಾಳೆಯವು. ಎರಡನ್ನೂ ಅತ್ತೆ ದಿನಾ ಮಧ್ಯಾಹ್ನ ನಿಂಬೆಹೋಳಿನಿಂದ ಉಜ್ಜಿ ಮುಖ ಕಾಣುವಷ್ಟು ಹೊಳೆಸುತ್ತಿದ್ದಳು. ಆದರೆ ಕೆಳಗೆ ನೆಲಮಾಳಿಗೆಯಲ್ಲಿ, ತಣ್ಣನೆಯ ಪೆಟ್ಟಿಗೆಯೊಳಗೆ ಕೂತಿದ್ದ ಪೀಪಾಯಿ ಒಂದೇ. ಅದರಿಂದ ಹೊರಟ ಪೈಪು ಒಂದು ಗೇಣು ದೂರ ಹೋಗಿ ಕವಲೊಡೆಯುತ್ತಿತ್ತು. ಒಂದು ಕವಲು ಎಡದ ನಲ್ಲಿಗೆ, ಇನ್ನೊಂದು ಬಲದ ನಲ್ಲಿಗೆ. ಈ ವಿಷಯ ಹದಿನಾಲ್ಕು ವರ್ಷಗಳಿಂದ ಇಬ್ಬರಿಗೆ ಗೊತ್ತಿತ್ತು, ಅತ್ತೆಗೆ ಮತ್ತು ಕವಲು ಕೂಡಿಸಿದ ಪ್ಲಂಬರಿಗೆ. ಪ್ಲಂಬರು ತೀರಿಕೊಂಡ ಮೇಲೆ ಅತ್ತೆಯೊಬ್ಬಳಿಗೇ.

ಮೊದಲು ನಿಜವಾಗಿಯೂ ಎರಡು ಬಿಯರುಗಳಿದ್ದವಂತೆ. ಎಡದ ನಲ್ಲಿಗೆ ಪೀಪಾಯಿ ಕಳಿಸುತ್ತಿದ್ದ ಕಾರ್ಖಾನೆ ಒಂದು ದಿನ ಬಾಗಿಲು ಹಾಕಿತು. ಒಣಗಿದ ನಲ್ಲಿ ಕೌಂಟರಿನ ಮೇಲೆ ನಿಂತಿದ್ದರೆ ಮುಂದಿನ ಸರದಿ ಈ ಬಾರಿನದು ಅಂತ ಜನ ಆಡಿಕೊಳ್ಳುತ್ತಾರೆ ಎಂದು ಅತ್ತೆ ಪ್ಲಂಬರನ್ನು ಕರೆಸಿ, ಇದ್ದ ಒಂದನ್ನೇ ಎರಡು ಕಡೆ ಹರಿಸಿದಳು. ಗಿರಾಕಿಗಳಿಗೆ ಹೇಳಿಬಿಡಬೇಕೆಂದೇ ಇದ್ದಳಂತೆ.

"ಹೇಳೋಣ ಅಂತ ಬಾಯಿ ತೆಗೆದೆ ಕಣೇ," ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. "ಅಷ್ಟರಲ್ಲಿ ಗಡಿಯಾರದವರು ಎಡದ್ದನ್ನ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಹೊಸ ಬಿಯರಾ ಅಕ್ಕ, ಬಲದ್ದಕ್ಕಿಂತ ಎಷ್ಟೋ ವಾಸಿ ಅಂತ ತಲೆದೂಗಿಬಿಟ್ಟರು. ತಲೆದೂಗ್ತಾ ಇರೋರನ್ನ ಮಧ್ಯದಲ್ಲಿ ತಡೀಬಾರದು. ಕತ್ತು ಉಳುಕುತ್ತೆ."

ಗಡಿಯಾರದವರು ಅಂದರೆ ಎದುರು ಸಾಲಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವರು. ಅವರು ತಲೆದೂಗಿದ ಮಾರನೆಯ ದಿನವೇ ಅವರ ಭಾವಮೈದುನ, ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್, ಬಿಯರೆಂದರೆ ಬಲದ್ದು, ಎಡದ್ದು ಕಲಗಚ್ಚು ಎಂದು ಸಾರಿದ. ಅಲ್ಲಿಂದ ಬಾರು ಎರಡಾಯಿತು. ನಾನು ಬರುವ ಹೊತ್ತಿಗೆ ಖಾಯಂ ಗಿರಾಕಿಗಳು ಇಪ್ಪತ್ತೊಂದು ಜನ. ಎಡದವರು ಹನ್ನೊಂದು, ಬಲದವರು ಹತ್ತು. ಎಡದವರು ಗೋಡೆಗಂಟಿದ ಬೆಂಚಿನಲ್ಲಿ ಕೂರುತ್ತಿದ್ದರು. ಬಲದವರು ಕಿಟಕಿಯ ಪಕ್ಕದ ಎತ್ತರದ ಸ್ಟೂಲುಗಳ ಮೇಲೆ. ನಡುವಿನ ಮೇಜಿನಲ್ಲಿ ಹೊಸಬರು ಕೂರುತ್ತಿದ್ದರು, ಪಾಪ, ಗೊತ್ತಿಲ್ಲದೆ.

"ಭಾವ, ಆ ಕಷಾಯ ಇನ್ನೂ ಮುಗೀಲಿಲ್ವಾ?" ಇದು ಪೇಂಟರ್, ಕಿಟಕಿಯಿಂದ.

"ಮುಗಿಸೋಕೆ ಇದೇನು ನಿನ್ನ ಬಣ್ಣದ ಡಬ್ಬ ಅಲ್ಲ ಕಣಯ್ಯ. ಇದನ್ನ ಕುಡಿಯೋದು. ನೀನು ಮಾಡೋದಕ್ಕೆ ಸುರ್ಕೊಳ್ಳೋದು ಅಂತಾರೆ."

"ನಾಲ್ಕು ಗುಟುಕಿಗೆ ಖಾಲಿ ಆಗೋದೇ ಒಳ್ಳೇ ಬಿಯರಿನ ಗುರುತು."

"ಅದು ಬಾಯಾರಿದ ಎತ್ತಿನ ಗುರುತು. ಎಡದ್ದರಲ್ಲಿ ಬ್ರೆಡ್ಡಿನ ಸುಟ್ಟ ಅಂಚಿನ ಘಮ ಇದೆ. ಆಮೇಲೆ ಒಂದು ಕಹಿ ಬರುತ್ತೆ, ಮೆಲ್ಲಗೆ, ಬಾಗಿಲು ತಟ್ಟಿ ಬಂದ ಹಾಗೆ. ನಿನ್ನ ಬಲದ್ದು ಬಾಗಿಲು ಒದ್ಕೊಂಡು ಬರುತ್ತೆ."

"ನಮ್ಮಕ್ಕ ಹೇಗೆ ಬರ್ತಾಳೆ ಭಾವ, ತಟ್ಟಿಯೋ ಒದ್ದೋ?"

"ಅದಕ್ಕೇ ನಾನು ಇಲ್ಲಿಗೆ ಬರೋದು."

ಇದು ದಿನಾ ನಡೆಯುತ್ತಿತ್ತು. ಇಬ್ಬರದೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಸ್ವಭಾವ. ಪೇಂಟರ್ ಮಧ್ಯಾಹ್ನವೆಲ್ಲ ಏಣಿಯ ಮೇಲೆ ನಿಂತು, ಸಂಜೆ ಭಾವನಿಗೆ ಏನನ್ನಬೇಕು ಎಂದು ಯೋಚಿಸುತ್ತಿದ್ದ. ಹಾಗೆ ಯೋಚಿಸುತ್ತ ಒಮ್ಮೆ ಯಾರದೋ ಕಿಟಕಿಯ ಗಾಜಿಗೂ ಬಣ್ಣ ಹೊಡೆದಿದ್ದನಂತೆ.

ಎಡದ ಬೆಂಚಿನಲ್ಲಿ ಇನ್ನೊಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು. ಎಡದ್ದೇ ಶ್ರೇಷ್ಠವೆಂದು ಒಮ್ಮೆ ಕಾಗದದ ಮೇಲೆ ಸಾಧಿಸಿ ತೋರಿಸಿದ್ದರು. ಭಾನುವಾರ ಮಾತ್ರ ಎಡದ್ದು ಸ್ವಲ್ಪ ಸೊರಗಿರುತ್ತದೆ ಎನ್ನುವುದು ಅವರದೇ ಸಂಶೋಧನೆ. "ಬಿಯರಿಗೂ ಒಂದು ದಿನ ರಜಾ ಬೇಡವಾ ಮೇಷ್ಟ್ರೇ?" ಎಂದು ಅತ್ತೆ ನಗು ನುಂಗಿಕೊಂಡು ಕೇಳುತ್ತಿದ್ದಳು. ಬಲದ ಸ್ಟೂಲುಗಳಲ್ಲಿ ಮುಖ್ಯಳು ಆಸ್ಪತ್ರೆಯ ನರ್ಸಮ್ಮ. ಹನ್ನೆರಡು ಗಂಟೆ ನಿಂತು ಬಂದ ಕಾಲುಗಳನ್ನು ಸ್ಟೂಲಿನ ಅಡ್ಡಪಟ್ಟಿಗೆ ಏರಿಸಿ ಕೂತರೆ, ಮೊದಲ ಗ್ಲಾಸು ಮುಗಿಯುವವರೆಗೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ಅತ್ತೆಗೆ ಮಂಡಿ ಕೈಕೊಟ್ಟಿತ್ತು. ನೆಲಮಾಳಿಗೆಗೆ ಹದಿನಾರು ಮೆಟ್ಟಿಲು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ತೀರಿಹೋದ ಮಾವನನ್ನು ಬೈಯುತ್ತ ಇಳಿಯುತ್ತಿದ್ದಳು. ಹತ್ತುವಾಗ ಬೈಯಲು ಉಸಿರಿರುತ್ತಿರಲಿಲ್ಲ. ಅವಳಿಗೆ ಮಕ್ಕಳಿಲ್ಲ. ಇದ್ದವಳು ಅಣ್ಣನ ಮಗಳು ನಾನೊಬ್ಬಳು.

ನಾನು ಆಗ ಹಾಲಿನ ಡೇರಿಯಲ್ಲಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ರಬ್ಬರ್ ಬೂಟು ಹಾಕಿಕೊಂಡು, ಹಾಲಿನ ಪೈಪುಗಳಿಗೆ ಕಾಸ್ಟಿಕ್ ಸೋಡಾ ಬಿಟ್ಟು ತೊಳೆಯುವ ಕೆಲಸ. ಬೆರಳ ತುದಿಯ ಚರ್ಮ ಹಾವಿನ ಪೊರೆಯಂತೆ ಸುಲಿಯುತ್ತಿತ್ತು. ಎರಡು ವರ್ಷದಲ್ಲಿ ಅಲ್ಲಿ ಯಾರೊಬ್ಬರೂ ನನ್ನ ಜೊತೆ ಕೂಗದೆ ಮಾತಾಡಿರಲಿಲ್ಲ. ಯಂತ್ರಗಳ ಸದ್ದು ಹಾಗಿತ್ತು. ಬಾರು ಸಿಕ್ಕಿದರೆ ಹತ್ತು ಗಂಟೆಗೆ ಎದ್ದರೂ ನಡೆಯುತ್ತದೆ, ಒಣಗಿದ ಚಪ್ಪಲಿ ಮೆಟ್ಟಬಹುದು, ಯಾರಾದರೂ ಮೆಲುದನಿಯಲ್ಲಿ ನನ್ನನ್ನು ಏನಾದರೂ ಕೇಳುತ್ತಾರೆ. ನನ್ನ ಆಸೆ ಇಷ್ಟೇ. ಆದರೆ ಆ ಇಷ್ಟನ್ನು ನಾನು ಹಲ್ಲು ಕಚ್ಚಿ ಆಸೆಪಟ್ಟಿದ್ದೆ.

"ಒಂದು ತಿಂಗಳು ರಜಾ ಹಾಕು," ಎಂದಳು ಅತ್ತೆ. "ನೀನೇ ನಡೆಸು, ನಾನು ಮೂಲೇಲಿ ಕೂತ್ಕೊಂಡು ನೋಡ್ತೀನಿ. ಇಪ್ಪತ್ತೊಂದು ಜನ ಇದಾರೆ. ತಿಂಗಳ ಕೊನೇಲಿ ಇಪ್ಪತ್ತೊಂದೂ ಇದ್ರೆ ಬಾರು ನಿನಗೆ. ಒಬ್ಬರು ಸೇತುವೆ ದಾಟಿ ಆ ಕಡೆ ಬಾರಿಗೆ ಹೋದ್ರೂ ನೀನು ವಾಪಸ್ ಡೇರಿಗೆ. ನಾನು ಬೇರೆ ಯಾರಿಗಾದ್ರೂ ಕೊಟ್ಟು ಮಂಡಿ ನೀವಿಕೊಂಡು ಕೂತಿರ್ತೀನಿ."

"ಯಾರಾದ್ರೂ ಸತ್ರೆ?"

"ಸತ್ತೋರನ್ನ ಲೆಕ್ಕಕ್ಕೆ ಹಿಡಿಯಲ್ಲ. ಆದ್ರೆ ನೀನು ಕೊಟ್ಟಿದ್ದು ಕುಡಿದು ಸಾಯಬಾರದು."

ಅವತ್ತೇ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಪೀಪಾಯಿ ತೋರಿಸಿದಳು. ನಾನು ಕವಲನ್ನು ನೋಡಿದೆ, ಅವಳ ಮುಖ ನೋಡಿದೆ. ಮೇಲಿನಿಂದ ಗಡಿಯಾರದವರ ದನಿ ಕೇಳಿಸುತ್ತಿತ್ತು. ಬ್ರೆಡ್ಡಿನ ಸುಟ್ಟ ಅಂಚು, ಬಾಗಿಲು ತಟ್ಟುವ ಕಹಿ. ನಾವಿಬ್ಬರೂ ಪೀಪಾಯಿಯನ್ನು ತಬ್ಬಿಕೊಂಡು, ಸದ್ದು ಹೊರಬೀಳದ ಹಾಗೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ನಾಲಿಗೆ ಅನ್ನೋದು ಕಿವಿಯ ತಮ್ಮ ಕಣೇ," ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಅಣ್ಣ ಏನು ಕೇಳಿಸ್ಕೊಂಡನೋ ತಮ್ಮ ಅದನ್ನೇ ರುಚಿ ನೋಡ್ತಾನೆ. ನೀನು ಮಾತ್ರ ಯಾವತ್ತೂ ಬಾಯಿ ಬಿಡಬೇಡ."

"ಬಿಡಲ್ಲ ಅತ್ತೆ."

ಮೊದಲ ಎರಡು ವಾರ ಕೆಲಸ ಕಲಿತೆ. ಗ್ಲಾಸಿಗೆ ಸೋಪಿನ ಪಸೆ ಉಳಿದರೆ ನೊರೆ ಸಾಯುತ್ತದೆ. ಬಟ್ಟೆಯಿಂದ ಒರೆಸಿದರೆ ಎಳೆ ಅಂಟಿಕೊಂಡು ಅಲ್ಲಿಂದಲೇ ಗುಳ್ಳೆ ಏಳುತ್ತದೆ. ಆದ್ದರಿಂದ ಗ್ಲಾಸನ್ನು ಬೋರಲು ಹಾಕಿ ತಾನಾಗಿ ಆರಲು ಬಿಡಬೇಕು. ಓರೆ ಹಿಡಿದು ಮುಕ್ಕಾಲು ತುಂಬಿಸಿ, ಆಮೇಲೆ ನೆಟ್ಟಗೆ ಮಾಡಿ ನಟ್ಟನಡುವೆ ಸುರಿಯಬೇಕು. ಎರಡು ಬೆರಳು ನೊರೆ. ಕಡಿಮೆಯಾದರೆ ಘಮ ಏಳುವುದಿಲ್ಲ, ಹೆಚ್ಚಾದರೆ ಗಿರಾಕಿ ಜಗಳಕ್ಕೆ ಏಳುತ್ತಾನೆ.

ಬಿಯರು ಯಾವುದರಿಂದ ರುಚಿ ಎಂದು ಕೇಳಿದರೆ ಒಬ್ಬೊಬ್ಬರದೂ ಒಂದೊಂದು ಶಾಸ್ತ್ರ. ಗ್ಲಾಸಿನ ಎರಡನೇ ಕಾಲುಭಾಗವೇ ರುಚಿ ಎನ್ನುತ್ತಿದ್ದರು ಮೇಷ್ಟ್ರು. ಮೊದಲನೆಯದು ದಾಹಕ್ಕೆ ಹೋಗುತ್ತದೆ, ಮೂರನೆಯದು ಮಾತಿಗೆ, ನಾಲ್ಕನೆಯದು ಮನೆಗೆ ಹೋಗಬೇಕಲ್ಲ ಎನ್ನುವ ಚಿಂತೆಗೆ. "ಬಿಯರಿಗೆ ರುಚಿ ಇಲ್ಲ, ಕಾಲು ನೋವಿಗೆ ಇದೆ," ಎಂದು ನರ್ಸಮ್ಮ ಒಂದೇ ವಾಕ್ಯದಲ್ಲಿ ಮುಗಿಸಿದಳು. ಟರ್ಪೆಂಟೈನ್ ವಾಸನೆಯಲ್ಲಿ ದಿನ ಕಳೆದ ಮೂಗಿಗೆ ಚುರುಕಾಗಿ ಏನಾದರೂ ಬಡಿಯಬೇಕು ಎಂದು ಪೇಂಟರ್ ವಾದಿಸಿದ. ಗಡಿಯಾರದವರು ಮಾತ್ರ, "ಅವಸರ ಮಾಡದಿದ್ರೆ ಎಲ್ಲಾ ರುಚಿ," ಎಂದು ಭಾವಮೈದುನನ ಕಡೆ ನೋಡಿದರು. ನಾನು ಎಲ್ಲರಿಗೂ ಹೂಂಗುಟ್ಟಿದೆ. ಒಳಗೊಳಗೇ ಒಂದೇ ಪೀಪಾಯಿ, ಒಂದೇ ಪೀಪಾಯಿ ಎಂದು ಜಪಿಸುತ್ತಿದ್ದೆ. ಎರಡು ವಾರ ಕಳೆದರೂ ಇಪ್ಪತ್ತೊಂದು ಜನ ಇಪ್ಪತ್ತೊಂದಾಗಿಯೇ ಉಳಿದರು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಎರಡು ವರ್ಷ ಡೇರಿಯಲ್ಲಿ ದುಡಿದವಳಿಗೆ ಪೈಪು ಕಂಡರೆ ಕೈ ತುರಿಸುತ್ತದೆ.

ಮೂರನೇ ವಾರದ ಸೋಮವಾರ, ಬಾರಿಗೆ ರಜಾ ದಿನ, ಟಾರ್ಚು ಮತ್ತು ಥರ್ಮಾಮೀಟರ್ ಹಿಡಿದು ಕೆಳಗಿಳಿದೆ. ಬಲದ ಪೈಪು ಪೀಪಾಯಿಯಿಂದ ನೆಟ್ಟಗೆ ಮೇಲೆ ಹೋಗುತ್ತಿತ್ತು. ಎಡದ ಪೈಪು ಹಾಗಲ್ಲ. ಅದು ಇಡೀ ಕೋಣೆಯನ್ನು ಬಳಸಿ, ಆಚೆ ಗೋಡೆಯನ್ನು ಉದ್ದಕ್ಕೂ ಸವರಿಕೊಂಡು ಹೋಗುತ್ತಿತ್ತು. ಆ ಗೋಡೆ ಮುಟ್ಟಿದರೆ ಬೆಚ್ಚಗಿತ್ತು. ಗೋಡೆಯ ಆಚೆ ಪಕ್ಕದ ಲಾಂಡ್ರಿಯ ಬಾಯ್ಲರು. ಎರಡು ನಲ್ಲಿಗಳ ಬಿಯರನ್ನೂ ಅಳೆದೆ. ಬಲದ್ದು ಐದು ಡಿಗ್ರಿ, ಎಡದ್ದು ಹತ್ತು. ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಎರಡನ್ನೂ ಅವುಗಳ ಪೈಪಿನ ಪಕ್ಕ ಬರೆದುಕೊಂಡೆ. ಡೇರಿಯಲ್ಲಿ ಐದು ಡಿಗ್ರಿ ಏರಿದರೆ ಸೂಪರ್‌ವೈಸರ್ ಓಡಿಬರುತ್ತಾನೆ.

"ಅತ್ತೆ, ಎಡದ ಪೈಪು ಬಾಯ್ಲರ್ ಗೋಡೆಗೆ ಅಂಟ್ಕೊಂಡಿದೆ. ಬಿಯರು ಬೆಚ್ಚಗಾಗ್ತಿದೆ."

"ಹದಿನಾಲ್ಕು ವರ್ಷದಲ್ಲಿ ಯಾರೂ ದೂರು ಹೇಳಿಲ್ಲ."

"ಒಳ್ಳೇದು ಕುಡಿದಿದ್ರೆ ತಾನೇ ಹೇಳೋಕೆ?"

"ಹೊಸ ಪೈಪು ಹಾಕ್ತೀಯಾ? ಹಾಕು. ಯಾರಿಗೆ ಗೊತ್ತಾಗುತ್ತೆ? ಅವರಿಗೆ ಪೀಪಾಯಿ ಒಂದು ಅನ್ನೋದೇ ಗೊತ್ತಾಗಿಲ್ಲ."

ಹಳೆಯ ಪೈಪು ಕಿತ್ತು ಸುರುಳಿ ಸುತ್ತಿ ಮೂಲೆಗೆಸೆದೆ. ಹೊಸದನ್ನು ಬಲದ ಪೈಪಿನ ಜೊತೆಗೇ ನೆಟ್ಟಗೆ ಮೇಲೇರಿಸಿ, ಎರಡಕ್ಕೂ ಸೇರಿಸಿ ದಪ್ಪ ಸ್ಪಂಜಿನ ತೋಳು ತೊಡಿಸಿದೆ. ಅಳೆದೆ. ಐದು, ಐದು. ಅವಳಿ ಜವಳಿ. ಡೇರಿಯಲ್ಲಿ ಎರಡು ವರ್ಷ ಕಲಿತದ್ದು ಕೊನೆಗೂ ಉಪಯೋಗಕ್ಕೆ ಬಂತು ಎಂದು ಆ ದಿನ ನನಗೆ ನನ್ನ ಮೇಲೆ ಬಹಳ ಗೌರವ ಉಂಟಾಯಿತು.

ಮಂಗಳವಾರ ಸಂಜೆ ಆರಕ್ಕೆ ಗಡಿಯಾರದವರು ಬಂದು ಬೆಂಚಿನ ತಮ್ಮ ಜಾಗದಲ್ಲಿ ಕೂತರು. ಎಡದ ನಲ್ಲಿಯಿಂದ ಒಂದು ಗ್ಲಾಸು ಬಿಟ್ಟು ಕೊಟ್ಟೆ. ಒಂದು ಗುಟುಕು. ಕಣ್ಣು ಮುಚ್ಚಿದರು, ತೆರೆದರು. ಗ್ಲಾಸನ್ನು ಬೆಳಕಿಗೆ ಹಿಡಿದರು. ನಿಂತ ಕೈಗಡಿಯಾರವನ್ನು ಹಿಡಿಯುವಂತೆ ಕಿವಿಗೂ ಹಿಡಿದರು.

"ಮಗಳೇ, ಬಲದ್ದು ಹಾಕಿದೀಯ."

"ಇಲ್ಲ ಮಾಮ, ಎಡದ್ದೇ. ನಿಮ್ಮ ಕಣ್ಣೆದುರೇ ಬಿಟ್ಟೆನಲ್ಲ."

"ಕಣ್ಣೆದುರು ಎಡದ್ದು. ಬಾಯೊಳಗೆ ಬಲದ್ದು."

ಮೇಷ್ಟ್ರು ತಮ್ಮ ಗ್ಲಾಸಿನಿಂದ ಕುಡಿದು ಹುಬ್ಬು ಗಂಟಿಕ್ಕಿದರು. "ಇವತ್ತು ಭಾನುವಾರ ಅಲ್ಲ ತಾನೇ?"

ಪೇಂಟರ್ ಸ್ಟೂಲಿನಿಂದ ಇಳಿದು ಬಂದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಭಾವನ ಗ್ಲಾಸನ್ನು ಎತ್ತಿ ಕುಡಿದ. ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು.

"ಇದು ನಮ್ಮದು," ಎಂದ. "ತಂಗಿ, ನಮ್ಮದನ್ನ ಇವರಿಗೂ ಬಿಡ್ತಿದೀಯಾ?"

ನರ್ಸಮ್ಮ ಮೊದಲ ಗ್ಲಾಸು ಮುಗಿಯುವ ಮುಂಚೆಯೇ ಬಾಯಿ ತೆರೆದಳು. "ಅವರಿಗೆ ನಮ್ಮದು ಬೇಕಾದ್ರೆ ಈ ಕಡೆ ಬಂದು ಕೂರ್ಲಿ. ಆ ಬೆಂಚಲ್ಲಿ ಕೂತು ನಮ್ಮದು ಕುಡಿಯೋದು ಅಂದ್ರೆ ಏನರ್ಥ?"

"ನಿಮ್ಮ ಒದೆಯೋ ಬಿಯರು ಯಾರಿಗೆ ಬೇಕಮ್ಮ?" ಎಂದು ಬೆಂಚಿನಿಂದ ಒಬ್ಬರು ಎದ್ದರು. ಗ್ಲಾಸನ್ನು ತುಂಬಿದ್ದ ಹಾಗೇ ಬಿಟ್ಟು ಟೋಪಿ ಹಾಕಿಕೊಂಡರು. "ಸೇತುವೆ ಆಚೆ ಹೇಗಿದೆ ಅಂತ ಸ್ವಲ್ಪ ನೋಡ್ಕೊಂಡು ಬರ್ತೀನಿ."

ಸೇತುವೆ ಅಂದ ಕೂಡಲೇ ನನ್ನ ಕಣ್ಣ ಮುಂದೆ ರಬ್ಬರ್ ಬೂಟು ಬಂತು. ನಿಜ ಹೇಳಿದರೆ ಎಲ್ಲರೂ ತಣ್ಣಗಾಗುತ್ತಾರೆ ಎಂದು ನಾನು ಆಗ ನಂಬಿದ್ದೆ. ಎರಡೂ ಒಂದೇ ಎಂದು ಗೊತ್ತಾದ ಮೇಲೆ ಬದಲಾಗಿದೆ ಎನ್ನುವ ಮಾತೇ ಇರುವುದಿಲ್ಲವಲ್ಲ.

"ಕೂತ್ಕೊಳ್ಳಿ," ಎಂದೆ. "ಏನೂ ಬದಲಾಗಿಲ್ಲ. ಎಡದ್ದು ಬಲದ್ದು ಎರಡೂ ಒಂದೇ ಬಿಯರು. ಹದಿನಾಲ್ಕು ವರ್ಷದಿಂದ ಒಂದೇ ಪೀಪಾಯಿ. ನಂಬಿಕೆ ಇಲ್ಲದಿದ್ರೆ ಬನ್ನಿ, ತೋರಿಸ್ತೀನಿ."

ಮೂಲೆಯ ಕುರ್ಚಿಯಿಂದ ಅತ್ತೆ, "ಲೇ," ಎಂದಳು. ಅಷ್ಟೇ.

ಒಂಬತ್ತು ಜನ ಇಳಿದರು. ಕೆಳಗೆ ಅಷ್ಟು ಜನ ನಿಲ್ಲಲು ಜಾಗವಿಲ್ಲದೆ ಮೂವರು ಮೆಟ್ಟಿಲ ಮೇಲೇ ಉಳಿದರು. ನಾನು ಪೆಟ್ಟಿಗೆಯ ಬಾಗಿಲು ತೆರೆದೆ. ಪೀಪಾಯಿ ಕೂತಿತ್ತು, ಒಂದೇ. ಹಿಂದೆ ಇನ್ನೊಂದು ಅಡಗಿದೆಯೇನೋ ಎಂದು ಪೇಂಟರ್ ಪೆಟ್ಟಿಗೆಯೊಳಗೆ ತಲೆ ಹಾಕಿ ನೋಡಿದ.

"ಅಂದ್ರೆ ಹದಿನಾಲ್ಕು ವರ್ಷ ನಾನು ಭಾವನ ಬಿಯರು ಕುಡಿದಿದೀನಿ," ಎಂದ, ಯಾರೋ ಹೋಗಿಬಿಟ್ಟ ಸುದ್ದಿ ಹೇಳುವವನ ಹಾಗೆ.

ಗಡಿಯಾರದವರು ಪೀಪಾಯಿಯ ಕಡೆ ಸರಿಯಾಗಿ ನೋಡಲೂ ಇಲ್ಲ. ಅವರು ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪೈಪಿನ ಸುರುಳಿ ನೋಡಿದರು. ಗೋಡೆಯಲ್ಲಿ ಮೊಳೆ ಕಿತ್ತ ತೂತುಗಳನ್ನು ನೋಡಿದರು. ನನ್ನ ಸೀಮೆಸುಣ್ಣದ ಬರಹದ ಮುಂದೆ ನಿಂತರು.

"ಈ ಹತ್ತು ಏನು?"

"ಡಿಗ್ರಿ. ಎಡದ್ದರದು."

"ಆ ಐದು?"

"ಬಲದ್ದು. ಈಗ ಎರಡೂ ಐದೇ ಮಾಡಿದೀನಿ ಮಾಮ. ಎಡದ್ದು ತೀರಾ ಬೆಚ್ಚಗಿತ್ತು."

ಅವರು ಅಂಗೈಯನ್ನು ಗೋಡೆಗೆ ಒತ್ತಿ ನೋಡಿದರು. ಆಮೇಲೆ, "ಒಂದು ಗ್ಲಾಸು ತಾ," ಎಂದರು. "ಯಾವ ನಲ್ಲಿದಾದ್ರೂ ಸರಿ." ನಾನು ಬಲದ್ದನ್ನೇ ತಂದೆ. ಅವರು ಗ್ಲಾಸನ್ನು ಗೋಡೆಗೆ ಒತ್ತಿ ಹಿಡಿದು, ಇನ್ನೊಂದು ಕೈಯ ಗಡಿಯಾರ ನೋಡುತ್ತ ಹತ್ತು ನಿಮಿಷ ನಿಂತರು. ಒಬ್ಬರೂ ಮೇಲೆ ಹೋಗಲಿಲ್ಲ. ಗಡಿಯಾರದವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ಗ್ಲಾಸನ್ನು ಮೇಷ್ಟ್ರ ಕೈಗೆ ಕೊಟ್ಟರು.

"ಇದೇ," ಎಂದರು ಮೇಷ್ಟ್ರು. ಗ್ಲಾಸು ಕೈಯಿಂದ ಕೈಗೆ ಹೋಯಿತು. ಪೇಂಟರ್ ಕುಡಿದು, "ಥೂ, ಹೌದು, ಕಲಗಚ್ಚೇ," ಎಂದ. ನರ್ಸಮ್ಮ ಕುಡಿದು, "ಐದು ಡಿಗ್ರಿ ಜ್ವರ ಬಂದ್ರೆ ಮನುಷ್ಯ ಉಳಿಯಲ್ಲ. ಬಿಯರಿಗೆ ಜ್ವರ ಬಂದಿದ್ದನ್ನ ಇವರು ಘಮ ಅಂತಾರೆ," ಎಂದಳು.

"ಭಾನುವಾರ," ಎಂದರು ಮೇಷ್ಟ್ರು ಇದ್ದಕ್ಕಿದ್ದಂತೆ, ಮಕ್ಕಳಿಗೆ ಉತ್ತರ ಹೊಳೆದಾಗ ಹೊಳೆಯುವಂಥ ಮುಖದಲ್ಲಿ. "ಭಾನುವಾರ ಲಾಂಡ್ರಿಗೆ ರಜಾ."

ಇಷ್ಟೂ ವರ್ಷ ಅವರು ಹೇಳಿದ್ದೆಲ್ಲ ನಿಜವಾಗಿತ್ತು. ಎಡದ್ದು ಬೇರೆ, ಬಲದ್ದು ಬೇರೆ. ತಣ್ಣಗಿದ್ದಾಗ ಬಿಯರು ಘಮವನ್ನು ಒಳಗೇ ಮುಚ್ಚಿಟ್ಟುಕೊಂಡು ಗಂಟಲಿಗೆ ಚುಚ್ಚುತ್ತದೆ. ಒಂದಿಷ್ಟು ಬೆಚ್ಚಗಾದರೆ ಚುಚ್ಚುವುದನ್ನು ಬಿಟ್ಟು ಘಮ ಬಿಚ್ಚುತ್ತದೆ. ಥರ್ಮಾಮೀಟರ್ ನನ್ನ ಕೈಯಲ್ಲೇ ಇತ್ತು, ಐದೂ ಹತ್ತೂ ನನ್ನದೇ ಅಕ್ಷರದಲ್ಲಿ ಗೋಡೆಯ ಮೇಲಿತ್ತು. ಆದರೆ ಪೀಪಾಯಿ ಒಂದೇ ಎಂದು ಗೊತ್ತಿದ್ದವರು ನಾವು. ಅದೊಂದು ಗೊತ್ತಿದ್ದದ್ದರಿಂದ ಬೇರೇನೂ ಗೊತ್ತಾಗಲಿಲ್ಲ.

ಮೇಲೆ ಬಂದಾಗ ಅತ್ತೆ ಕುರ್ಚಿಯಲ್ಲೇ ಇದ್ದಳು. ಕೆಳಗೆ ಆಡಿದ ಒಂದೊಂದು ಮಾತೂ ಅವಳಿಗೆ ಕೇಳಿಸಿತ್ತು. ಗಡಿಯಾರದವರು ಅವಳ ಮುಂದೆ ನಿಂತರು.

"ಒಂದು ಕೇಳಲಾ ಅಕ್ಕ? ನಮ್ಮನ್ನ ನೋಡಿ ನಗ್ತಿದ್ರಾ?"

ಅತ್ತೆ ಸುಳ್ಳು ಹೇಳಬಹುದಿತ್ತು. ಅವಳಿಗೆ ಆ ಅಭ್ಯಾಸವೂ ಇತ್ತು.

"ನಗ್ತಿದ್ದೆ," ಎಂದಳು.

"ಯಾವಾಗಾದ್ರೂ?"

"ದಿನಾ."

"ಸರಿ," ಎಂದು ಗಡಿಯಾರದವರು ಬೆಂಚಿಗೆ ಹೋಗಿ ಕೂತರು. ಸ್ವಲ್ಪ ಹೊತ್ತಿನ ಮೇಲೆ, "ನನ್ನ ಅಂಗಡೀಲಿ ನಿಮ್ಮ ಗೋಡೆ ಗಡಿಯಾರ ಎರಡು ವರ್ಷದಿಂದ ಇದೆ," ಎಂದರು. "ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಕೀ ಕೊಡೋದು ಮರೆತಿದ್ರಿ. ನಾನೂ ದಿನಾ ನಗ್ತಿದ್ದೆ."

ಬುಧವಾರ ಬೆಳಿಗ್ಗೆ ಎದ್ದವಳೇ ಹಳೆಯ ಪೈಪನ್ನು ತೊಳೆದು ಬಾಯ್ಲರ್ ಗೋಡೆಗೆ ಮೊದಲಿನಂತೆಯೇ ಬಿಗಿದೆ. ಮೊಳೆಗಳನ್ನು ಹಳೆಯ ತೂತುಗಳಿಗೇ ಹೊಡೆದೆ. ಅಳೆದೆ, ಹತ್ತು. ಸಂಜೆ ಗಡಿಯಾರದವರು ಕುಡಿದು, "ಸರಿಯಾಗಿದೆ," ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಬಿಯರು ಸರಿಯಾಗಿತ್ತು. ಪೇಂಟರ್ ಮಾತ್ರ ಕಿಟಕಿಯಿಂದ, "ಭಾವ," ಎಂದು ಶುರುಮಾಡಿ ನಿಲ್ಲಿಸಿದ.

"ಏನಯ್ಯ?"

"ಏನಿಲ್ಲ. ನಿಮ್ಮದು ಸ್ವಲ್ಪ ಬೆಚ್ಚಗಿದೆ."

"ಹೌದು. ನಿನ್ನದು ತಣ್ಣಗಿದೆ."

"ಹೌದು."

ಅಲ್ಲಿಗೆ ಮುಗಿಯಿತು. ಆಮೇಲೆ ಅವರಿಬ್ಬರು ಹವಾಮಾನದ ಬಗ್ಗೆ ಮಾತಾಡಿದರು. ಮನೆಯ ನಲ್ಲಿ ಸೋರುವ ಬಗ್ಗೆ ಮಾತಾಡಿದರು. ಪೇಂಟರ್ ಅಕ್ಕನ ಆರೋಗ್ಯ ವಿಚಾರಿಸಿದ. ಭಾವನೂ ಭಾವಮೈದುನನೂ ಇಷ್ಟು ಮರ್ಯಾದೆಯಿಂದ ಮಾತಾಡುವುದನ್ನು ಕೇಳಲಾಗದೆ ಅತ್ತೆ ಎದ್ದು ಒಳಗೆ ಹೋದಳು.

"ಎರಡನೇ ಬಿಯರು ತರಿಸೋಣ ಅತ್ತೆ," ಎಂದೆ ಮಾರನೆಯ ದಿನ. "ನಿಜವಾಗ್ಲೂ ಎರಡು ಪೀಪಾಯಿ ಇಡೋಣ."

"ಈಗ ಹತ್ತು ತಂದಿಟ್ರೂ ಪ್ರತಿ ಗ್ಲಾಸಿಗೂ ಕೆಳಗಿಳಿದು ನೋಡ್ಕೊಂಡೇ ಕುಡಿಯೋದು ಅವರು," ಎಂದಳು. ಅದು ಸುಳ್ಳಲ್ಲ. ಅಷ್ಟರಲ್ಲಾಗಲೇ ಬಲದ ಸ್ಟೂಲಿನವರೊಬ್ಬರು ಕಡಲೆಕಾಯಿ ಕೂಡ ಯಾವ ಚೀಲದ್ದು ಎಂದು ಕೇಳಿದ್ದರು.

ಶುಕ್ರವಾರ ಪೇಂಟರ್ ಬರಲಿಲ್ಲ. ಶನಿವಾರವೂ ಇಲ್ಲ. ಸೇತುವೆ ಆಚೆಯ ಬಾರಿನಲ್ಲಿ ಅವನನ್ನು ಕಂಡೆ ಎಂದು ನರ್ಸಮ್ಮ ಹೇಳಿದಳು. ಅವನನ್ನು ಅಲ್ಲಿ ಕಾಣಬೇಕಾದರೆ ಅವಳೂ ಅಲ್ಲಿಗೆ ಹೋಗಿರಬೇಕಲ್ಲ ಎಂದು ಹೊಳೆದು ನಾನು ಅವಳ ಮುಖ ನೋಡಿದೆ.

"ತಪ್ಪು ತಿಳ್ಕೋಬೇಡಮ್ಮ," ಎಂದಳು. "ನಂದು ಬೇರೆ ಬಿಯರು ಅಂದ್ಕೊಂಡಿದ್ದೆ. ಬರೀ ತಣ್ಣಗಿರೋದೇ ನನಗೆ ಇಷ್ಟ ಅಂತ ಈಗ ಗೊತ್ತಾಯ್ತು. ಅಲ್ಲಿ ಮೂರು ಡಿಗ್ರಿ."

"ಅಳೆದ್ರಾ?"

"ಥರ್ಮಾಮೀಟರ್ ಯಾವಾಗ್ಲೂ ಬ್ಯಾಗಲ್ಲೇ ಇರುತ್ತೆ."

ಮೇಷ್ಟ್ರು ಹೋಗಲಿಲ್ಲ. ಎಡದ್ದರ ಶ್ರೇಷ್ಠತೆಯನ್ನು ಸಾಧಿಸಿದ ಆ ಹಳೆಯ ಕಾಗದವನ್ನು ತಂದು ನನಗೆ ತೋರಿಸಿ, "ಲೆಕ್ಕ ತಪ್ಪಿಲ್ಲ, ಪ್ರಶ್ನೆ ತಪ್ಪಿತ್ತು," ಎಂದು ಸಮಾಧಾನ ಮಾಡಿಕೊಂಡು ಕೂತರು. ಅವತ್ತು ಟೋಪಿ ಹಾಕಿಕೊಂಡು ಹೊರಟವರು ತಿರುಗಿ ಬರಲೇ ಇಲ್ಲ.

ಕೊನೆಯ ವಾರ ಗಡಿಯಾರದವರು ಬಂದು ಕೂರದೆ ಕೌಂಟರಿನ ಮುಂದೆ ನಿಂತರು. ನಾನು ಗ್ಲಾಸಿಗೆ ಕೈ ಹಾಕಿದೆ. ಅವರು ಬೇಡ ಎಂದು ತಲೆಯಾಡಿಸಿದರು.

"ನಾಳೆಯಿಂದ ಆ ಕಡೆ ಹೋಗ್ತೀನಿ ಮಗಳೇ. ನಿನಗೆ ಹೇಳದೆ ಹೋಗೋದು ಸರಿಯಲ್ಲ."

"ಅಲ್ಲಿಯ ಬಿಯರು ಚೆನ್ನಾಗಿದೆಯಾ ಮಾಮ?"

"ಏನು ಚೆನ್ನ, ಬಟ್ಟೆ ಒಗೆದ ನೀರು. ಆದರೆ ಅಲ್ಲಿ ಎರಡು ಪೀಪಾಯಿ ಇವೆ. ನಮ್ಮ ಭಾವಮೈದುನ ಒಳಗೆ ಹೋಗಿ, ಎರಡನ್ನೂ ತಟ್ಟಿ, ಮುಟ್ಟಿ ನೋಡ್ಕೊಂಡು ಬಂದು ಒಂದನ್ನ ಹಿಡ್ಕೊಂಡು ಕೂತಿದಾನೆ. ಎದುರುಗಡೆ ಜಾಗ ಖಾಲಿ ಇದೆಯಂತೆ. ಎಷ್ಟು ದಿನ ಅಂತ ಒಬ್ಬನೇ ಕೂತು ಬೈತಾನೆ?"

ಅವರು ಹೋದ ಮೇಲೆ ನಾನು ಎಡದ ನಲ್ಲಿಯಿಂದ ಒಂದು ಗ್ಲಾಸು ಬಿಟ್ಟುಕೊಂಡು, ಬೆಂಚಿನಲ್ಲಿ ಅವರ ಜಾಗದಲ್ಲಿ ಕೂತು ಕುಡಿದೆ. ಅವಸರ ಮಾಡದೆ ಕುಡಿದೆ. ಬ್ರೆಡ್ಡಿನ ಸುಟ್ಟ ಅಂಚು ನಿಜವಾಗಿಯೂ ಇತ್ತು.

ತಿಂಗಳ ಕೊನೆಯ ಸಂಜೆ ಅತ್ತೆ ಮೂಲೆಯ ಕುರ್ಚಿಯಿಂದಲೇ ಬೆಂಚಿನ ಕಡೆ ನೋಡಿದಳು, ಸ್ಟೂಲುಗಳ ಕಡೆ ನೋಡಿದಳು. ತಪ್ಪು ಅವಳದೂ ಇತ್ತು, ಅದು ಅವಳಿಗೂ ಗೊತ್ತಿತ್ತು. ಇನ್ನೊಂದು ತಿಂಗಳು ಕೊಡು ಎಂದು ಕೇಳಲು ನಾನು ಬಾಯಿ ತೆರೆದೆ.

"ಮಾತು ಮಾತೇ ಕಣೇ ಸೊಸೆ," ಎಂದಳು ಅತ್ತೆ. "ಎಷ್ಟು ಜನ ಹೋದ್ರು ಅಂತ ನೀನೇ ಎಣಿಸಿ ಹೇಳು."

ಎಣಿಸಿದೆ. ಎಡದಿಂದ ಮೂವರು, ಬಲದಿಂದ ನಾಲ್ವರು. ನಾನು ಸೇರಿದರೆ ಎಂಟು.